ಸಾಧನಕೇರಿಯಿಂದ ಉಣಕಲ್ಲಿನವರೆಗೆ

ಹುಬ್ಬಳ್ಳಿ-ಧಾರವಾಡಕ್ಕೆ ಹೊಸದಾಗಿ ಬಂದವರು ಇಲ್ಲಿಯ ಓಣಿ, ಬಡಾವಣೆಗಳ ಹೆಸರು ಕೇಳಿ ಇದೇನು ನೀರಿನ ಊರೇ ಎಂದುಕೊಂಡರೆ ಆಶ್ಚರ್ಯವಿಲ್ಲ. ಸಾಧನಕೇರಿ, ಕೆಲಗೇರಿ, ನುಗ್ಗಿಕೇರಿ, ಕೊಪ್ಪದಕೇರಿ, ತೋಳನಕೆರೆ, ಕೆಂಪಕೆರೆ, ಹೆಗ್ಗೇರಿ. ಕನ್ನಡ ಶಿಕ್ಷಕರು ಸಂಧಿ-ಸಮಾಸದ ತಾಸಿನಲ್ಲಿ ಹಿರಿದು ಮತ್ತು ಕೆರೆ ಸೇರಿ ಹೆಗ್ಗೆರೆ ಎಂದು ಕಲಿಸುತ್ತಾರಲ್ಲ, ಅದೇ ನಮ್ಮ ಬಾಯಲ್ಲಿ ಹೆಗ್ಗೇರಿ ಆಗಿದೆ. ಕೇರಿ ಎಂದರೆ ಓಣಿ ಎಂದು ವಾದಿಸುವವರೂ ಇದ್ದಾರೆ. ಆದರೆ ಈ ಕಡೆಯ ಹಳ್ಳಿಗರು ಕೆರೆಗೆ 'ಕೆರಿ' ಎಂದೇ ಅನ್ನುವುದು. ಇಂಥ ಹೆಸರುಗಳಲ್ಲಿ ಕೆಲವು ಕಡೆ ನೀರು ಉಳಿದಿದೆ, ಕೆಲವು ಕಡೆ ಹೆಸರು ಮಾತ್ರ ಉಳಿದಿದೆ.

ಇಷ್ಟೊಂದು ಕೆರೆಗಳು ಇಲ್ಲಿಯೇ ಏಕೆ ಎಂಬ ಪ್ರಶ್ನೆಗೆ ನಕಾಶೆಯಲ್ಲಿ ಉತ್ತರವಿದೆ. ಧಾರವಾಡ ಕುಳಿತಿರುವುದು ನೀರಿನ ದಿಣ್ಣೆಯ ಮೇಲೆ. ಊರಿನ ನೈಋತ್ಯದ ಸೋಮೇಶ್ವರದ ಬಳಿ ಹುಟ್ಟುವ ಶಾಲ್ಮಲೆ ಕಲಘಟಗಿಯ ಕಡೆಗೆ ಹರಿದು ಬೇಡ್ತಿಯನ್ನು ಸೇರುತ್ತದೆ. ಯಲ್ಲಾಪುರದ ಹತ್ತಿರ ಮಾಗೋಡಿನಲ್ಲಿ ಧುಮುಕಿ, ಮುಂದೆ ಗಂಗಾವಳಿ ಎನಿಸಿಕೊಂಡು ಅರಬ್ಬೀ ಸಮುದ್ರಕ್ಕೆ ಹೋಗುತ್ತದೆ. ದಿಣ್ಣೆಯ ಪೂರ್ವಕ್ಕೆ ಬಿದ್ದ ಹನಿ ಮಾತ್ರ ತುಪ್ಪರಿಹಳ್ಳ, ಬೆಣ್ಣಿಹಳ್ಳಗಳ ಮೂಲಕ ಮಲಪ್ರಭೆಗೆ, ಅಲ್ಲಿಂದ ಕೂಡಲಸಂಗಮದಲ್ಲಿ ಕೃಷ್ಣೆಗೆ, ಕೊನೆಗೆ ಬಂಗಾಲ ಉಪಸಾಗರಕ್ಕೆ. ಒಂದೇ ಮಳೆಯ ಎರಡು ಹನಿಗಳು ಎರಡು ಸಮುದ್ರ ಸೇರುವ ಊರು ನಮ್ಮದು. ಕೇಳಲು ಸೊಗಸಾಗಿದೆ, ಆದರೆ ಇದರ ಅರ್ಥ ಇಷ್ಟೇ: ನೀರು ನಮ್ಮಿಂದ ಹೊರಗೆ ಹೋಗುತ್ತದೆಯೇ ಹೊರತು ಯಾವ ದೊಡ್ಡ ಹೊಳೆಯೂ ನಮ್ಮ ಊರೊಳಗೆ ಬರುವುದಿಲ್ಲ. ವರ್ಷಕ್ಕೆ ಸುಮಾರು 800 ಮಿಲಿಮೀಟರ್ ಬೀಳುವ ಮಳೆಯನ್ನು ಹಿಡಿದಿಟ್ಟರೆ ಉಂಟು, ಇಲ್ಲವಾದರೆ ಇಲ್ಲ. ಹಿರಿಯರು ಇಳಿಜಾರು ಕಂಡಲ್ಲೆಲ್ಲ ಒಡ್ಡು ಹಾಕಿದ್ದು ಇದಕ್ಕಾಗಿ.

ಕಳೆದ ಡಿಸೆಂಬರಿನ ಒಂದು ರವಿವಾರ ಒಂಬತ್ತನೆಯ ಇಯತ್ತೆಯ ಇಪ್ಪತ್ತೆರಡು ಮಕ್ಕಳನ್ನು ಕರೆದುಕೊಂಡು ಈ ಕೆರೆಗಳನ್ನು ನೋಡಲು ಹೊರಟೆ. ಜೊತೆಗೆ ನಾಲ್ವರು ಪಾಲಕರೂ ಬಂದರು. ಅವರಲ್ಲೊಬ್ಬರು ಮೊದಲೇ ಕೇಳಿಬಿಟ್ಟಿದ್ದರು: "ಸರ, ಕೆರಿ ದಂಡಿಗೆ ಕರ್ಕೊಂಡು ಹೋಗೋದು ಛಲೋ ಐತ್ರಿ. ಆದರ ಇದು ಪರೀಕ್ಷಾದಾಗ ಬರತೈತೇನ್ರಿ?" ಬರುತ್ತದೆ ಎಂದೆ. ಪರಿಸರ ವ್ಯವಸ್ಥೆಯ ಪಾಠದಲ್ಲಿದೆ, ಇಂಗಾಲದ ಚಕ್ರದಲ್ಲಿದೆ, ಸುಪ್ತ ಉಷ್ಣದಲ್ಲಿದೆ. ಪರೀಕ್ಷೆಯಲ್ಲಿ ಬರದ ಕೆಲವೂ ಅಲ್ಲಿದ್ದವು. ಅದನ್ನು ಅವರಿಗೆ ಆಗ ಹೇಳಲಿಲ್ಲ.

ಮೊದಲು ಧಾರವಾಡದ ಪಶ್ಚಿಮ ಅಂಚಿನ ಕೆಲಗೇರಿ. ಚಳಿಗಾಲದ ಬೆಳಿಗ್ಗೆ ನೀರಿನ ಮೇಲೆ ತೆಳುವಾಗಿ ಮಂಜು ಎದ್ದಿತ್ತು. ನಾಮದ ಕೋಳಿಗಳು ಗುಂಪಾಗಿ ತೇಲುತ್ತಿದ್ದವು, ಒಂದು ನೀರುಕಾಗೆ ಬಂಡೆಯ ಮೇಲೆ ರೆಕ್ಕೆ ಹರಡಿಕೊಂಡು ಬಿಸಿಲು ಕಾಯಿಸುತ್ತಿತ್ತು. ಒಂದು ಕಾಲಕ್ಕೆ ಧಾರವಾಡದ ಜನ ಈ ಕೆರೆಯ ನೀರು ಕುಡಿದಿದ್ದಾರೆ.

ಇಲ್ಲಿ ನಮ್ಮ ಮೊದಲ ಪ್ರಯೋಗ. 1865ರಲ್ಲಿ ಇಟಲಿಯ ಸೆಕ್ಕಿ ಎಂಬ ಪಾದ್ರಿ, ಆತ ಖಗೋಳಶಾಸ್ತ್ರಜ್ಞನೂ ಹೌದು, ಸಮುದ್ರದ ನೀರು ಎಷ್ಟು ತಿಳಿಯಾಗಿದೆ ಎಂದು ಅಳೆಯಲು ಒಂದು ಬಿಳಿಯ ಬಿಲ್ಲೆಯನ್ನು ಹಗ್ಗಕ್ಕೆ ಕಟ್ಟಿ ಇಳಿಬಿಟ್ಟ. ಬಿಲ್ಲೆ ಎಷ್ಟು ಆಳದಲ್ಲಿ ಕಣ್ಮರೆಯಾಗುತ್ತದೆಯೋ ಅದೇ ಅಳತೆ. ಇಂದಿಗೂ ಜಗತ್ತಿನ ಸರೋವರ ವಿಜ್ಞಾನಿಗಳು ಇದನ್ನೇ ಬಳಸುತ್ತಾರೆ. ನಮ್ಮ ಬಿಲ್ಲೆ ಹಳೆಯ ಊಟದ ತಟ್ಟೆ. ಬಿಳಿ ಬಣ್ಣ ಬಳಿದು, ಮೂರು ತೂತು ಹೊಡೆದು, ಕೆಳಗೆ ಕಲ್ಲು ಕಟ್ಟಿ, ಹಗ್ಗಕ್ಕೆ ಗೇಣಿಗೊಂದು ಗಂಟು ಹಾಕಿದ್ದೆವು. ನೀರಿಗೆ ಯಾರೂ ಇಳಿಯಕೂಡದು, ಕಟ್ಟೆಯ ಮೇಲೆ ನಿಂತೇ ಇಳಿಬಿಡಬೇಕು ಎಂಬುದು ನನ್ನ ಕಟ್ಟಪ್ಪಣೆ. ಪಾಲಕರು ಗಮನಿಸಬೇಕು: ಕೆರೆಯ ಹೂಳು ಮೇಲಿಂದ ಗಟ್ಟಿ ಕಾಣುತ್ತದೆ, ಕಾಲಿಟ್ಟರೆ ಬಿಡುವುದಿಲ್ಲ. ಮಕ್ಕಳು ಗಂಟು ಎಣಿಸಿ ವಹಿಯಲ್ಲಿ ಬರೆದುಕೊಂಡರು.

ಸಾಧನಕೇರಿಯಲ್ಲಿ ಹೆಚ್ಚು ಹೊತ್ತು ನಿಲ್ಲಲಿಲ್ಲ. ವರಕವಿ ಬೇಂದ್ರೆಯವರ ಮನೆ ಇರುವ ಓಣಿಯೆಂದು ನಾಡಿಗೆಲ್ಲ ಗೊತ್ತಿರುವ ಜಾಗ. ಕೆರೆಯ ಸುತ್ತ ಉದ್ಯಾನವಾಗಿದೆ, ಕಾಲುದಾರಿಯಾಗಿದೆ, ಸಂಜೆ ಹಿರಿಯರು ಕುಳಿತು ಹರಟುತ್ತಾರೆ. ಹುಡುಗಿಯೊಬ್ಬಳು ಕವಿಯ ಮನೆ ನೋಡಬೇಕೆಂದು ಹಟ ಹಿಡಿದಳು. ನೋಡಿದೆವು. ಕೆರೆಯ ಬಗ್ಗೆ ಕವಿತೆ ಬರೆಯುವವರು ಮತ್ತೆ ಹುಟ್ಟಬೇಕಾದರೆ ಕೆರೆ ಇರಬೇಕಲ್ಲ ಎಂದು ಒಬ್ಬ ತಾಯಿ ಹೇಳಿದ್ದು ನನಗೆ ಹಿಡಿಸಿತು.

ಅಲ್ಲಿಂದ ಊರೊಳಗೆ ಬಂದು ಚಿಗರಿ ಬಸ್ಸು ಹತ್ತಿದೆವು. ಅವಳಿ ನಗರಗಳ ನಡುವೆ ಪ್ರತ್ಯೇಕ ಹಾದಿಯಲ್ಲಿ ಓಡುವ ಈ ಬಸ್ಸಿನಿಂದ ಇಳಿಜಾರು ಚೆನ್ನಾಗಿ ತಿಳಿಯುತ್ತದೆ. ಧಾರವಾಡದ ಕೆಂಪು ಮಣ್ಣು ಹಿಂದೆ ಸರಿಯುತ್ತದೆ, ನವಲೂರು ಬರುತ್ತದೆ. ಡಿಸೆಂಬರಿನಲ್ಲಿ ನವಲೂರಿನ ಹೆಸರು ಕೇಳಿ ಪೇರಲ ಹಣ್ಣು ನೆನಪಾಗದ ಧಾರವಾಡದವರು ಇರಲಿಕ್ಕಿಲ್ಲ. ಮುಂದೆ ಸತ್ತೂರು, ರಾಯಾಪುರ, ನವನಗರ, ಭೈರಿದೇವರಕೊಪ್ಪ. ನೃಪತುಂಗ ಬೆಟ್ಟ ಕಂಡಿತೆಂದರೆ ಉಣಕಲ್ ಬಂತು. ಕೆರೆಯ ಹೆಸರಿನದೇ ನಿಲ್ದಾಣವಿದೆ.

ಉಣಕಲ್ ಕೆರೆ ಸುಮಾರು 200 ಎಕರೆ. ನೂರು ವರ್ಷ ಮೀರಿದ ಈ ಕೆರೆ ಹಿಂದೆ ಹುಬ್ಬಳ್ಳಿಗೆ ಕುಡಿಯುವ ನೀರು ಕೊಟ್ಟಿದೆ. ಊರೊಳಗೆ ನಾಲ್ಕು ದಿಕ್ಕಿಗೂ ಬಾಗಿಲುಳ್ಳ ಚಾಲುಕ್ಯರ ಕಾಲದ ಚಂದ್ರಮೌಳೀಶ್ವರ ಗುಡಿ ಇದೆ; ಅದನ್ನು ನೋಡದೆ ಹೋಗಬಾರದು. ಕೆರೆಯ ನಡುವೆ ವಿವೇಕಾನಂದರ ಪ್ರತಿಮೆ, ದಂಡೆಯಲ್ಲಿ ಉದ್ಯಾನ. ಸಂಜೆ ಮಿರ್ಚಿ-ಗಿರಮಿಟ್ಟು ತಿನ್ನುತ್ತ ಸೂರ್ಯ ಮುಳುಗುವುದನ್ನು ನೋಡುವುದು ಹುಬ್ಬಳ್ಳಿಯವರ ಹಳೆಯ ಸುಖ. ನಾವು ಹೋದದ್ದು ಮಧ್ಯಾಹ್ನ. ದಂಡೆಗುಂಟ ಅಂತರಗಂಗೆ ಹಸಿರು ಜಮಖಾನೆಯಂತೆ ಹಾಸಿತ್ತು, ಅದರ ಮೇಲೆ ಬೆಳ್ಳಕ್ಕಿಗಳು ನೆಲದ ಮೇಲೆ ನಡೆದಂತೆ ನಡೆದಾಡುತ್ತಿದ್ದವು. ನಮ್ಮ ತಟ್ಟೆ ಒಂದೇ ಗೇಣಿನೊಳಗೆ ಕಾಣದಾಯಿತು.

ಒಡ್ಡಿನ ಮೇಲೆ ಕುಳಿತಿದ್ದ ಉಣಕಲ್ಲಿನ ಅಜ್ಜ ಒಬ್ಬರು ನಮ್ಮ ಆಟ ನೋಡುತ್ತಿದ್ದರು. "ಏನ್ ಅಳೀಲಿಕ್ಕತ್ತೀರಿ ಸರ? ನಾವು ಸಣ್ಣವ್ರಿದ್ದಾಗ ಈ ನೀರನ್ನ ಬೊಗಸೀಲೆ ಕುಡೀತಿದ್ವಿ. ಈಗ ಎಮ್ಮಿ ಸುದ್ದಾ ಮೂಸಿ ನೋಡ್ತದ," ಎಂದರು. ಮಕ್ಕಳು ನಕ್ಕರು. ಅಜ್ಜ ನಗಲಿಲ್ಲ.

ಅಂತರಗಂಗೆಯನ್ನು ಬೈಯುವುದು ಸುಲಭ. ದಕ್ಷಿಣ ಅಮೆರಿಕದಿಂದ ನೀಲಿ ಹೂವಿನ ಚಂದಕ್ಕೆಂದು ತಂದ ಗಿಡ ನಮ್ಮ ದೇಶದ ಕೆರೆಗಳನ್ನೆಲ್ಲ ಮುತ್ತಿತು ನಿಜ. ಆದರೆ ಸಾರಜನಕ, ರಂಜಕಗಳಿಲ್ಲದ ನೀರಿನಲ್ಲಿ ಅದು ಹೀಗೆ ಸೊಕ್ಕುವುದಿಲ್ಲ. ಅವೆರಡೂ ಬರುವುದು ನಮ್ಮ ಬಚ್ಚಲು, ಶೌಚಾಲಯ, ಸಾಬೂನುಗಳಿಂದ. ಯಂತ್ರ ಇಳಿಸಿ ಕಳೆ ತೆಗೆಸಿದರೂ ಚರಂಡಿ ಒಳಬರುತ್ತಿದ್ದರೆ ಕೆಲವೇ ವಾರಗಳಲ್ಲಿ ಮತ್ತೆ ಅದೇ ಜಮಖಾನೆ. ಜ್ವರ ಬಂದವನಿಗೆ ಬರೀ ಹಣೆಗೆ ಒದ್ದೆ ಬಟ್ಟೆ ಹಾಕಿದಂತೆ.

ಈಗ ಎರಡನೆಯ ಪ್ರಯೋಗ. ಉದ್ದನೆಯ ಗಳುವಿನಿಂದ ದಂಡೆಯ ಕೆಸರನ್ನು ತಿವಿದಾಗ ಬುಳುಬುಳು ಗುಳ್ಳೆ ಎದ್ದವು. "ಮೀನಾ ಸರ?" ಎಂದ ಒಬ್ಬ. ಮೀನಲ್ಲ. 1776ರಲ್ಲಿ ಇಟಲಿಯ ವೋಲ್ಟಾ, ನಮ್ಮ ವೋಲ್ಟೇಜಿನ ವೋಲ್ಟಾನೇ, ಮಾಜೋರೆ ಸರೋವರದ ದಂಡೆಯಲ್ಲಿ ಹೀಗೆಯೇ ಕೆಸರು ಕೆದಕಿ ಗುಳ್ಳೆಗಳನ್ನು ಬಾಟಲಿಯಲ್ಲಿ ಹಿಡಿದ, ಬೆಂಕಿ ತೋರಿಸಿದರೆ ಅದು ಉರಿಯಿತು. ಮೀಥೇನ್ ಅನಿಲ ಮನುಷ್ಯನಿಗೆ ಸರಿಯಾಗಿ ಪರಿಚಯವಾದದ್ದು ಹೀಗೆ. ಹಳ್ಳಿಯಲ್ಲಿ ಗೋಬರ್ ಗ್ಯಾಸ್ ಇರುವ ಮನೆಯವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಗಾಳಿಯಾಡದ ತೊಟ್ಟಿಯಲ್ಲಿ ಸೆಗಣಿ ಕೊಳೆತರೆ ಏನಾಗುತ್ತದೆಯೋ, ಆಮ್ಲಜನಕ ಮುಗಿದುಹೋದ ಕೆರೆಯ ತಳದಲ್ಲಿ ಚರಂಡಿಯ ಕೊಳೆಯೂ ಸತ್ತ ಅಂತರಗಂಗೆಯೂ ಕೊಳೆತರೆ ಅದೇ ಆಗುತ್ತದೆ. ವ್ಯತ್ಯಾಸವೆಂದರೆ ಅಲ್ಲಿ ಒಲೆ ಉರಿಯುತ್ತದೆ, ಇಲ್ಲಿ ಅನಿಲ ನೇರವಾಗಿ ಆಕಾಶಕ್ಕೆ.

ಇದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಜೌಗು ನೆಲ, ಕೆರೆ, ಅಳಿವೆಗಳು ಇಂಗಾಲದ ಉಗ್ರಾಣಗಳು ಎಂದು ನಾವು ಓದುತ್ತೇವೆ. ಸುಳ್ಳಲ್ಲ. ತಂಪು ದೇಶಗಳ ಪೀಟ್ ಎಂಬ ಕಪ್ಪು ಜೌಗು ಮಣ್ಣು ಭೂಭಾಗದ ಶೇಕಡಾ 3ರಷ್ಟೇ ಇದ್ದರೂ ಜಗತ್ತಿನ ಎಲ್ಲ ಕಾಡುಗಳ ಗಿಡಮರಗಳಲ್ಲಿ ಇರುವುದಕ್ಕಿಂತ ಹೆಚ್ಚು ಇಂಗಾಲವನ್ನು ಅಡಗಿಸಿಕೊಂಡಿದೆ. ಅದನ್ನು ಬಸಿದು ಒಣಗಿಸಿದರೆ ಆ ಇಂಗಾಲ ಗಾಳಿಯೊಡನೆ ಸೇರಿ ಇಂಗಾಲದ ಡೈಆಕ್ಸೈಡ್ ಆಗಿ ಹೊರಬೀಳುತ್ತದೆ. ಆದರೆ ಉಗ್ರಾಣಕ್ಕೆ ಇನ್ನೊಂದು ಬಾಗಿಲೂ ಇದೆ, ಅದು ಮೀಥೇನಿನದು. ನೂರು ವರ್ಷಗಳ ಲೆಕ್ಕದಲ್ಲಿ ಒಂದು ಕಿಲೋ ಮೀಥೇನ್ ಸುಮಾರು 28 ಕಿಲೋ ಇಂಗಾಲದ ಡೈಆಕ್ಸೈಡಿನಷ್ಟು ಭೂಮಿಯನ್ನು ಬಿಸಿ ಮಾಡಬಲ್ಲದು. ಆರೋಗ್ಯವಾಗಿರುವ ಕೆರೆಯಿಂದಲೂ ಅಷ್ಟಿಷ್ಟು ಮೀಥೇನ್ ಏಳುತ್ತದೆ. ಚರಂಡಿ ತುಂಬಿದ ಕೆರೆಯಿಂದ ಬಹಳ ಹೆಚ್ಚು. ಹಾಗಾಗಿ ಹೊಲಸು ಕೆರೆ ಬರೀ ನಾತ ಹೊಡೆಯುವ ಕೆರೆಯಲ್ಲ. ಹವಾಮಾನದ ಲೆಕ್ಕದಲ್ಲಿ ಅದು ಜಮೆಯಿಂದ ಖರ್ಚಿಗೆ ಹೋದ ಕೆರೆ. ಸಮಾಧಾನದ ಸಂಗತಿ ಒಂದಿದೆ. ಮೀಥೇನ್ ಗಾಳಿಯಲ್ಲಿ ಹನ್ನೆರಡು ವರ್ಷ ಮಾತ್ರ ಉಳಿಯುತ್ತದೆ. ಇಂದು ಕಡಿಮೆ ಮಾಡಿದರೆ ಫಲ ನಮ್ಮ ಈ ಒಂಬತ್ತನೆಯ ಇಯತ್ತೆಯವರೇ ನೋಡುತ್ತಾರೆ.

ಹಾಗೆಂದು ಉಣಕಲ್ ಕೆರೆ ತಿಳಿಯಾದರೆ ಧ್ರುವದ ಹಿಮ ಕರಗುವುದು ನಿಲ್ಲುತ್ತದೆ ಎಂದು ನಾನು ಹೇಳಲಾರೆ. ಒಂದು ಕೆರೆಯ ಪಾಲು ಸಣ್ಣದು. ಕರ್ನಾಟಕದಲ್ಲಿ ಸುಮಾರು 36 ಸಾವಿರ ಕೆರೆಗಳಿವೆ ಎನ್ನುವಾಗ ಮಾತು ಬೇರೆಯಾಗುತ್ತದೆ. ಅದಕ್ಕಿಂತ ಹತ್ತಿರದ ಮಾತೆಂದರೆ, ಹವೆ ಕೆಟ್ಟಾಗ ನಮ್ಮನ್ನು ಕಾಯುವುದು ಈ ಕೆರೆಗಳೇ. 2019ರ ಆಗಸ್ಟ್ ಮಳೆಯನ್ನು ಹುಬ್ಬಳ್ಳಿಯವರು ಮರೆತಿರಲಿಕ್ಕಿಲ್ಲ. ಉಣಕಲ್ ಕೆರೆ ಕೋಡಿ ಬಿದ್ದು, ನಾಲೆ ಉಕ್ಕಿ, ತಗ್ಗಿನ ಮನೆಗಳಿಗೆ ನೀರು ನುಗ್ಗಿತು. ಅದಕ್ಕೆ ಎರಡು ವರ್ಷ ಹಿಂದಷ್ಟೇ ಬರದಿಂದ ನೀರಸಾಗರ ಬತ್ತಿ, ಅವಳಿ ನಗರಗಳು ಸವದತ್ತಿ ಕಡೆಯ ಮಲಪ್ರಭೆಯ ನೀರಿಗೇ ಬಾಯಿ ತೆರೆದು ಕೂತಿದ್ದವು. 2023ರಲ್ಲಿ ಮತ್ತೆ ಬರ. ರಾಜ್ಯದ 236 ತಾಲೂಕುಗಳಲ್ಲಿ 223ನ್ನು ಬರಪೀಡಿತ ಎಂದು ಸರಕಾರ ಘೋಷಿಸಿತು. ಒಂದು ವರ್ಷ ಮುಳುಗುವುದು, ಇನ್ನೊಂದು ವರ್ಷ ಒಣಗುವುದು: ಭೂಮಿ ಬಿಸಿಯಾದಂತೆ ಇಂಥವು ಹೆಚ್ಚುತ್ತವೆ ಎಂದು ವಿಜ್ಞಾನಿಗಳು ಎಚ್ಚರಿಸುತ್ತ ಬಂದಿದ್ದಾರೆ.

ಒಡ್ಡಿನ ಮೇಲೆ ಕುಳಿತೇ ಮಕ್ಕಳಿಂದ ಒಂದು ಲೆಕ್ಕ ಮಾಡಿಸಿದೆ. ನಿಮ್ಮ ಮನೆಯಲ್ಲೂ ಮಾಡಬಹುದು. 200 ಎಕರೆ ಎಂದರೆ ಸುಮಾರು 80 ಹೆಕ್ಟೇರ್. ಒಂದು ಹೆಕ್ಟೇರಿಗೆ 10 ಸಾವಿರ ಚದರ ಮೀಟರ್. ಕೆರೆಯ ತಳದಲ್ಲಿ ಒಂದು ಅಡಿ, ಅಂದರೆ 0.3 ಮೀಟರ್, ಹೂಳು ಕುಳಿತಿತು ಎನ್ನೋಣ. ಕಳೆದುಹೋದ ಜಾಗ 2 ಲಕ್ಷ 40 ಸಾವಿರ ಘನ ಮೀಟರ್, ಅಂದರೆ 24 ಕೋಟಿ ಲೀಟರ್. ಐದು ಸಾವಿರ ಲೀಟರಿನ ಟ್ಯಾಂಕರ್ ಲೆಕ್ಕದಲ್ಲಿ 48 ಸಾವಿರ ಟ್ಯಾಂಕರ್. ಮಳೆಗಾಲದಲ್ಲಿ ಅಷ್ಟು ನೀರು ತಗ್ಗಿನ ಓಣಿಗೆ ಹೋಗುತ್ತದೆ, ಬೇಸಿಗೆಯಲ್ಲಿ ಅಷ್ಟು ನೀರಿಗೆ ನಾವು ದುಡ್ಡು ಕೊಡುತ್ತೇವೆ. ಪರೀಕ್ಷೆಯ ಬಗ್ಗೆ ಕೇಳಿದ್ದ ಪಾಲಕರು ತಮ್ಮ ಮೊಬೈಲಿನಲ್ಲಿ ಗುಣಿಸಿ ನೋಡಿ ಸುಮ್ಮನಾದರು.

ಹಾಗಾದರೆ ಜೆಸಿಬಿ ತಂದು ಬಗೆದುಬಿಡೋಣವೇ? ಇಲ್ಲಿಯೇ ತಪ್ಪುವುದು. ಕೆರೆಯನ್ನು ಬೋಗುಣಿಯಂತೆ ಸುತ್ತಲೂ ಒಂದೇ ಸಮ ಆಳ ಮಾಡಿ, ದಂಡೆಗೆ ಕಲ್ಲು ಕಟ್ಟಿ, ಮೇಲೆ ಕಾಲುದಾರಿ, ದೀಪ, ಕಾರಂಜಿ ಇಟ್ಟರೆ ನೋಡಲು ಚಂದ. ಆದರೆ ಮೊಣಕಾಲುದ್ದ ನೀರಿನ ಅಂಚಿನಲ್ಲಿ ಆಪು, ಜೊಂಡು ಬೆಳೆಯುವುದು. ಅವುಗಳ ಬೇರಿನಲ್ಲೇ ಕೊಳೆ ಶೋಸಿ ನೀರು ತಿಳಿಯಾಗುವುದು, ಅಲ್ಲಿಯೇ ಮೀನು ಮರಿ ಮಾಡುವುದು, ಕೊಕ್ಕರೆ ಕಾಲಿಡುವುದು. ಅಂಚು ಹೋದರೆ ಕೆರೆಯ ಮೂತ್ರಪಿಂಡವನ್ನೇ ತೆಗೆದಂತೆ. ತೆಗೆದ ಗೋಡನ್ನು ಎಲ್ಲಿ ಹಾಕಬೇಕೆಂಬುದೂ ಮುಖ್ಯ. ಹಿಂದಿನವರು ಬೇಸಿಗೆಯಲ್ಲಿ ಚಕ್ಕಡಿ ಹೂಡಿ ಗೋಡನ್ನು ಹೊಲಕ್ಕೆ ಹೇರುತ್ತಿದ್ದರು. ಹೊಲಕ್ಕೆ ಗೊಬ್ಬರ, ಕೆರೆಗೆ ಜಾಗ. ಈಗ ಅದನ್ನು ದಂಡೆಯ ಮೇಲೆಯೇ ಗುಡ್ಡೆ ಹಾಕಿದರೆ ಮುಂದಿನ ಮಳೆಗೆ ಮತ್ತೆ ಒಳಗೆ.

ತೋಳನಕೆರೆಗೆ ಸಂಜೆ ಹೋದೆವು. ಸ್ಮಾರ್ಟ್ ಸಿಟಿ ಯೋಜನೆಯಲ್ಲಿ ಹೊಸ ರೂಪ ಪಡೆದ ಕೆರೆ. ಕುಟುಂಬಗಳು ಬರುತ್ತವೆ, ಮಕ್ಕಳು ಆಡುತ್ತವೆ. ಇದನ್ನು ನಾನು ಹಗುರಾಗಿ ಕಾಣುವುದಿಲ್ಲ. ಜನ ಬೆನ್ನು ತಿರುಗಿಸಿದ ಕೆರೆಗೆ ಕಸ ಬೀಳುತ್ತದೆ. ಮುಖ ತಿರುಗಿಸಿದ ಕೆರೆಗೆ ಕಾವಲಿರುತ್ತದೆ. ಉಣಕಲ್ ನಾಲೆಯ ದಂಡೆಗುಂಟ ಫ್ರಾನ್ಸಿನ ನೆರವಿನ ಸಿಟೀಸ್ ಕಾರ್ಯಕ್ರಮದಡಿ ಸೈಕಲ್ ಹಾದಿ, ಹಸಿರು ದಾರಿ ಮಾಡುವ ಯೋಜನೆ ಕೈಗೊಂಡದ್ದಕ್ಕೂ ಇದೇ ಅರ್ಥ. ಆದರೆ ನಡೆಯುವ ದಾರಿ ಕೆರೆಗೆ ಮಾಡಿದ ಉಪಚಾರದ ಕೊನೆಯ ಹಂತ, ಮೊದಲನೆಯದಲ್ಲ. ಮೊದಲನೆಯದು ನೀರು ಬರುವ ದಾರಿ. ಮಳೆನೀರಿನ ಕಾಲುವೆ ಬಿಚ್ಚಬೇಕು, ಚರಂಡಿಯ ಕೊಳವೆ ಮುಚ್ಚಬೇಕು, ಅಥವಾ ಅದನ್ನು ಶುದ್ಧೀಕರಿಸಿ ಬಿಡಬೇಕು. ಬೆಂಗಳೂರಿನ ಜಕ್ಕೂರು ಕೆರೆಯಲ್ಲಿ ಹೀಗೆ ಮಾಡಿದ್ದಾರೆ: ಘಟಕದಲ್ಲಿ ಶುದ್ಧವಾದ ಚರಂಡಿ ನೀರು ಜೊಂಡಿನ ಕೃತಕ ಜೌಗಿನಲ್ಲಿ ಹರಿದು ಆಮೇಲೆ ಕೆರೆ ಸೇರುತ್ತದೆ. ಅದೇ ಬೆಂಗಳೂರಿನ ಬೆಳ್ಳಂದೂರು ಕೆರೆಯ ಮೇಲೆ 2017ರಲ್ಲಿ ಬೆಂಕಿ ಎದ್ದದ್ದನ್ನೂ ನಾವು ಪತ್ರಿಕೆಯಲ್ಲಿ ಓದಿದ್ದೇವೆ. ಒಂದೇ ಊರು, ಎರಡು ಕೆರೆ.

ಚರಂಡಿ ತಡೆಯುವುದು ಆಗದ ಮಾತು ಎನ್ನುವವರು ಒಮ್ಮೆ ನವಲಗುಂದದ ಕಡೆ ಹೋಗಬೇಕು. ಕರಿಮಣ್ಣಿನ ಆ ಸೀಮೆಯಲ್ಲಿ ಬೋರು ಹೊಡೆದರೆ ಉಪ್ಪು ನೀರು. ಜನ ಕುಡಿಯುವುದು ಕೆರೆಯ ನೀರನ್ನೇ. ನವಲಗುಂದದ ನೀಲಮ್ಮನ ಕೆರೆಯಂಥ ಕುಡಿಯುವ ನೀರಿನ ಕೆರೆಗಳಿಗೆ ಅಲ್ಲಿ ಬೇಲಿ ಇರುತ್ತದೆ. ಬಟ್ಟೆ ಒಗೆಯುವಂತಿಲ್ಲ, ದನ ಇಳಿಸುವಂತಿಲ್ಲ, ಚಪ್ಪಲಿ ಹಾಕಿಕೊಂಡು ನೀರಿಗೆ ಇಳಿದರೆ ಯಾರಾದರೂ ಗದರಿಸುತ್ತಾರೆ. ನಲ್ಲಿ ಬಂದ ಮೇಲೆ ನಮ್ಮ ನಗರದವರಿಗೆ ಆ ಗದರಿಕೆ ಮರೆತುಹೋಯಿತು, ಅಷ್ಟೇ.

ಇನ್ನೊಂದು ಊರು ಗದಗ ಜಿಲ್ಲೆಯ ಮಾಗಡಿ, ಲಕ್ಷ್ಮೇಶ್ವರದ ಸಮೀಪ. ಬೇಸಾಯಕ್ಕೆಂದು ಕಟ್ಟಿದ ಸಾದಾ ಕೆರೆ. ಪ್ರತಿ ಚಳಿಗಾಲಕ್ಕೆ ಪಟ್ಟೆತಲೆಯ ಹೆಬ್ಬಾತುಗಳು ಹಿಮಾಲಯ ದಾಟಿ ಅಲ್ಲಿಗೆ ಬರುತ್ತವೆ. ಹಗಲು ಕೆರೆಯಲ್ಲಿ ವಿಶ್ರಾಂತಿ, ಕತ್ತಲಾದ ಮೇಲೆ ಸುತ್ತಲಿನ ಹೊಲಗಳಲ್ಲಿ ಮೇವು. ಬೆಳೆ ತಿಂದರೂ ಊರವರು ಹಕ್ಕಿಗಳನ್ನು ಬೇಟೆಯಾಡದೆ ಸಹಿಸಿಕೊಂಡು ಬಂದಿದ್ದಾರೆ. ಜೌಗು ನೆಲಗಳ ರಕ್ಷಣೆಗಾಗಿ 1971ರ ಫೆಬ್ರುವರಿ 2ರಂದು ಇರಾನಿನ ರಾಮ್ಸಾರ್ ಎಂಬಲ್ಲಿ ರಾಷ್ಟ್ರಗಳು ಒಂದು ಒಪ್ಪಂದ ಮಾಡಿಕೊಂಡವು. ಆ ಒಪ್ಪಂದದ ಪಟ್ಟಿಗೆ ಕರ್ನಾಟಕದಿಂದ ಮೊದಲು ಸೇರಿದ್ದು 2022ರಲ್ಲಿ ರಂಗನತಿಟ್ಟು. 2024ರಲ್ಲಿ ಮಾಗಡಿ ಕೆರೆ, ವಿಜಯನಗರ ಜಿಲ್ಲೆಯ ಅಂಕಸಮುದ್ರ ಮತ್ತು ಉತ್ತರ ಕನ್ನಡದ ಅಘನಾಶಿನಿ ಅಳಿವೆ ಸೇರಿದವು. ಮನುಷ್ಯ ಕಟ್ಟಿದ ಕೆರೆಯನ್ನೂ ಆ ಒಪ್ಪಂದ ಜೌಗು ನೆಲವೆಂದೇ ಎಣಿಸುತ್ತದೆ. ಅಂದರೆ ಉಣಕಲ್, ಕೆಲಗೇರಿಗಳೂ ಅದೇ ಜಾತಿ. ಅದೇ ಒಪ್ಪಂದದವರ 2018ರ ವರದಿಯ ಪ್ರಕಾರ 1970ರಿಂದ ಈಚೆಗೆ ಜಗತ್ತಿನ ಜೌಗು ನೆಲದ ಶೇಕಡಾ 35ರಷ್ಟು ಹೋಗಿಬಿಟ್ಟಿದೆ. ಕಾಡಿಗಿಂತ ವೇಗವಾಗಿ ಕಳೆದುಹೋಗುತ್ತಿರುವುದು ಇದೇ.

ತೋಳನಕೆರೆಯ ಹುಲ್ಲಿನ ಮೇಲೆ ಕುಳಿತು, ತಂದಿದ್ದ ರೊಟ್ಟಿ, ಶೇಂಗಾ ಚಟ್ನಿ ಮುಗಿಸಿ, ಮಕ್ಕಳ ವಹಿಗಳನ್ನು ತೆಗೆಸಿದೆ. ಹಕ್ಕಿಗಳ ಪಟ್ಟಿ, ತಟ್ಟೆಯ ಗಂಟುಗಳ ಲೆಕ್ಕ ಎಲ್ಲರದೂ ಸರಿಯಾಗಿತ್ತು. ಕವಿಯ ಮನೆ ನೋಡಬೇಕೆಂದಿದ್ದ ಹುಡುಗಿ ಯಾರೂ ಹೇಳದಿದ್ದರೂ ಉಣಕಲ್ ಕೆರೆಯ ನಕಾಶೆ ಬರೆದಿದ್ದಳು. ಬೇರೆಯವರು ಬರೆದಂತೆ ಉದ್ಯಾನ, ಪ್ರತಿಮೆ, ಗುಡಿಗಳನ್ನಲ್ಲ. ದಂಡೆಗುಂಟ ನಡೆಯುವಾಗ ಕೆರೆಗೆ ನೀರು ಬೀಳುತ್ತಿದ್ದ ಜಾಗಗಳನ್ನು ಬಾಣದ ಗುರುತು ಹಾಕಿ ತೋರಿಸಿದ್ದಳು. ತಿಳಿ ನೀರಿಗೆ ನೀಲಿ, ಕರಿ ನೀರಿಗೆ ಪೆನ್ಸಿಲು. ಎರಡು ಬಾಣಗಳ ಮುಂದೆ ಪ್ರಶ್ನಾರ್ಥಕ ಚಿಹ್ನೆ ಇತ್ತು. "ಇವು ಎಲ್ಲಿಂದ ಬರ್ತಾವು ಗೊತ್ತಾಗಲಿಲ್ರಿ ಸರ, ನಡುವ ಗ್ವಾಡಿ ಅದ," ಎಂದಳು.

ಮುಂದಿನ ರವಿವಾರ ಗೋಡೆಯ ಆಚೆಗೆ ಸುತ್ತು ಹಾಕಿ ಹೋಗಿ ನೋಡುವುದೆಂದು ಗೊತ್ತುಮಾಡಿದೆವು. ಪರೀಕ್ಷೆಯ ಬಗ್ಗೆ ಕೇಳಿದ್ದ ಪಾಲಕರು ತಾವೂ ಬರುವುದಾಗಿ ಹೇಳಿದರು.